ಗೇರ್ ಯಾವುದು ಅನ್ನೋದಕ್ಕಿಂತ ಮೊದಲು, ಕೀ ಯಾರ ಕೈಲಿರುತ್ತೆ?

ಮೊನ್ನೆ ಆಲೂರು ಕಡೆಯ ಒಬ್ಬ ಹುಡುಗ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕಿದ್ದ. ಶುಂಠಿ ಕೈ ಹಿಡಿದಿದೆ, ಗಾಡಿ ತಗೋಬೇಕು ಅಂತ ಆಸೆ. "ಅಣ್ಣ, ಆಟೋಮ್ಯಾಟಿಕ್ ತಗೊಳ್ಳಲಾ, ಗೇರ್ ಗಾಡಿ ತಗೊಳ್ಳಲಾ? ಫ್ರೆಂಡ್ಸೆಲ್ಲ ಆಟೋಮ್ಯಾಟಿಕ್ ಲೋಡ್ ಎಳೆಯಲ್ಲ, ಘಾಟಿ ಹತ್ತಲ್ಲ ಅಂತಾರೆ. ಶೋರೂಮಿನವರು ಈಗ ಎಲ್ಲರೂ ಆಟೋಮ್ಯಾಟಿಕ್ಕೇ ತಗೊಳ್ಳೋದು ಸಾರ್ ಅಂತಾರೆ. ಯಾರ ಮಾತು ಕೇಳಲಿ?"

ಪ್ರತಿ ವಾರ ಜೀವಾಮೃತ, ಕಾಳುಮೆಣಸಿನ ಸೊರಗು ರೋಗ, ಹಸಿರೆಲೆ ಗೊಬ್ಬರ ಅಂತ ಬರೆಯೋ ನಾನು ಈ ವಾರ ಗೇರ್‌ಬಾಕ್ಸ್ ಬಗ್ಗೆ ಯಾಕೆ ಬರೀತಿದ್ದೀನಿ ಅಂತ ಅನ್ನಿಸಬಹುದು. ಜಮೀನು, ಬೋರ್‌ವೆಲ್, ಮನೆ ಬಿಟ್ಟರೆ ನಮ್ಮ ವಯಸ್ಸಿನ ರೈತರು ಒಂದೇ ಸಲಕ್ಕೆ ಅತಿ ಹೆಚ್ಚು ದುಡ್ಡು ಹಾಕೋದು ಗಾಡಿಗೆ. ಆದರೆ ಬೀಜ ತಗೊಳ್ಳುವಾಗ ಕೇಳುವಷ್ಟು ಪ್ರಶ್ನೆಯನ್ನೂ ಗಾಡಿ ತಗೊಳ್ಳುವಾಗ ಕೇಳಲ್ಲ. ನಾನೂ ಕೇಳಿರಲಿಲ್ಲ. ಅದಕ್ಕೆ ದಂಡ ಕಟ್ಟಿದ್ದೀನಿ. ಆ ಕತೆ ಮೊದಲು ಹೇಳ್ತೀನಿ.

ನಮ್ಮದು ಸಕಲೇಶಪುರದಿಂದ ಒಳಗೆ, ಹದಿನೆಂಟು ಕಿಲೋಮೀಟರ್. ಮೂಡಿಗೆರೆಯಲ್ಲಿ ತೋಟಗಾರಿಕೆ ಓದಿ ಬಂದವನು, ಈಗ ಸ್ವಲ್ಪ ಕಾಫಿ, ಮೆಣಸು, ಜೊತೆಗೆ ಎರಡು ಎಕರೆ ಸಾವಯವ ತರಕಾರಿ. ತರಕಾರಿ ಗದ್ದೆ ಇರೋದು ಹಳ್ಳದ ಪಕ್ಕ, ಕೆಳಗೆ. ಅಲ್ಲಿಂದ ಡಾಂಬರು ರಸ್ತೆಗೆ ಬರೋಕೆ ಇನ್ನೂರು ಮೀಟರ್ ಮಣ್ಣಿನ ಏರು. ನಡುವೆ ಒಂದು ತಿರುವು. ಬೇಸಿಗೆಯಲ್ಲಿ ಬೈಕ್ ಸುಲಭವಾಗಿ ಹತ್ತುತ್ತೆ, ಜುಲೈನಲ್ಲಿ ಟ್ರ್ಯಾಕ್ಟರ್ ಕೂಡ ಯೋಚನೆ ಮಾಡುತ್ತೆ.

ಅಪ್ಪನ ಕಾಲದ ಹಳೇ ಪಿಕಪ್ ತುಕ್ಕು ಹಿಡಿದು ಹೋದಾಗ, ಮನೆಗೂ ಆಗಲಿ ಮಾರ್ಕೆಟ್‌ಗೂ ಆಗಲಿ ಅಂತ ಒಂದು ಸಣ್ಣ ಎಸ್‌ಯುವಿ ತಗೊಂಡೆ. ಪೆಟ್ರೋಲ್, ಎಎಂಟಿ ಗೇರ್. ಕಂಪನಿ ಹೆಸರು ಬೇಡ, ತಪ್ಪು ಗಾಡಿಯದ್ದಕ್ಕಿಂತ ನನ್ನದೇ ಜಾಸ್ತಿ. ಹಿಂದಿನ ಸೀಟು ಮಡಚಿ ಹನ್ನೆರಡು ಕ್ರೇಟ್ ಬೀನ್ಸ್, ಬೀಟ್‌ರೂಟ್ ತುಂಬ್ತಿದ್ದೆ. ಒಂದೊಂದು ಕ್ರೇಟ್ 25 ಕೆಜಿ ಅಂದ್ರೂ 300 ಕೆಜಿ. ಮುಂದೆ ನಾವಿಬ್ಬರು. ಅಂಥ ಗಾಡಿ ಮಾಡಿರೋದೇ ಐದು ಜನ ಮತ್ತು ಅವರ ಬ್ಯಾಗುಗಳ ತೂಕಕ್ಕೆ, ಅಂದ್ರೆ 400 ಕೆಜಿ ಆಸುಪಾಸು. ಲೆಕ್ಕದಲ್ಲಿ ಹೆಚ್ಚುಕಡಿಮೆ ಸರಿ ಇದೆ ಅಂದ್ಕೊಂಡಿದ್ದೆ. ಏರನ್ನ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಎರಡನೇ ಮಳೆಗಾಲದಲ್ಲಿ ಒಂದು ಬೆಳಗ್ಗೆ, ತಿರುವಿನ ಹತ್ತಿರ ಎದುರಿಗೆ ದನ ಬಂತು. ಬ್ರೇಕ್ ಹಿಡಿದೆ. ಮತ್ತೆ ಹೊರಡೋಕೆ ಆಕ್ಸಿಲರೇಟರ್ ಒತ್ತಿದ್ರೆ ಗಾಡಿ ಮುಂದೆ ಹೋಗೋ ಬದಲು ಹಿಂದಕ್ಕೆ ಜಾರಿತು. ಮತ್ತೆ ಬ್ರೇಕ್, ಮತ್ತೆ ಆಕ್ಸಿಲರೇಟರ್. ನಾಲ್ಕೈದು ಸಲ. ಆಮೇಲೆ ಆ ವಾಸನೆ. ಸುಟ್ಟ ರಬ್ಬರಿನ ಹಾಗೂ ಅಲ್ಲ, ಕೂದಲು ಸುಟ್ಟ ಹಾಗೂ ಅಲ್ಲ, ಕ್ಲಚ್ ಪ್ಲೇಟ್ ಬೆಂದ ವಾಸನೆ ಒಂದು ಸಲ ಮೂಗಿಗೆ ಬಂದ್ರೆ ಮರೆಯಲ್ಲ. ಮೀಟರಿನಲ್ಲಿ ಗೇರ್ ನಂಬರ್ ಮಿನುಗಿ, ತಾನೇ ನ್ಯೂಟ್ರಲ್‌ಗೆ ಹೋಯ್ತು. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಪಕ್ಕದ ತೋಟದವರ ಟ್ರ್ಯಾಕ್ಟರ್ ಕರೆಸಿ ಎಳೆಸಿದ್ದಾಯ್ತು. ಬೀನ್ಸು ಆ ದಿನ ಮಾರ್ಕೆಟ್ ಮುಖ ನೋಡಲಿಲ್ಲ. ಸರ್ವಿಸ್ ಸೆಂಟರಿನಲ್ಲಿ ಕ್ಲಚ್ ಸೆಟ್, ಕೂಲಿ, ಸೆಟ್ಟಿಂಗ್ ಎಲ್ಲ ಸೇರಿ 28,000 ರೂಪಾಯಿ ಬಿಲ್.

ನಮ್ಮೂರ ಗ್ಯಾರೇಜಿನ ಭಾಯ್ ಕೇಳಿ ನಕ್ಕರು. "ಗೌಡ್ರೇ, ಅದು ಆಟೋಮ್ಯಾಟಿಕ್ ಅಂತ ಯಾರು ಹೇಳಿದ್ದು ನಿಮ್ಗೆ? ಅದು ಗೇರ್ ಗಾಡೀನೇ. ನಿಮ್ಮ ಕಾಲಿನ ಬದ್ಲು ಒಂದು ಮೋಟ್ರು ಕ್ಲಚ್ ತುಳೀತದೆ, ಅಷ್ಟೇ."

ಆ ಒಂದು ಮಾತು ಶೋರೂಮಿನಲ್ಲಿ ಯಾರೂ ಹೇಳಿರಲಿಲ್ಲ.

ಎಲ್ಲ ಆಟೋಮ್ಯಾಟಿಕ್ಕೂ ಒಂದೇ ಅಲ್ಲ

ನಮ್ಮ ಜಗಳ ಶುರುವಾಗೋದೇ ಇಲ್ಲಿ. 'ಆಟೋಮ್ಯಾಟಿಕ್' ಅನ್ನೋ ಒಂದೇ ಹೆಸರಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಯಂತ್ರಗಳನ್ನ ಮಾರ್ತಾರೆ. 'ಗೊಬ್ಬರ' ಅಂದ್ರೆ ಯೂರಿಯಾನೂ ಹೌದು, ಎರೆಗೊಬ್ಬರಾನೂ ಹೌದು ಅನ್ನೋ ಥರ.

ಎಎಂಟಿ ಅಂದ್ರೆ ಭಾಯ್ ಹೇಳಿದ್ದೇ. ಮಾಮೂಲಿ ಗೇರ್‌ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು, ಒತ್ತೋ ಕೆಲಸ ಮಾತ್ರ ಯಂತ್ರದ್ದು. ನಮ್ಮ ದೇಶದ ಕಾರುಗಳಲ್ಲಿ ಇದು ಮೊದಲು ಬಂದಿದ್ದು 2014ರ ಮಾರುತಿ ಸೆಲೆರಿಯೊದಲ್ಲಿ. ಮ್ಯಾನುಯಲ್ ಗಾಡಿಗಿಂತ ಬೆಲೆ ಸ್ವಲ್ಪವೇ ಜಾಸ್ತಿ, ಮೈಲೇಜ್ ಮ್ಯಾನುಯಲ್ ಹತ್ತಿರಕ್ಕೇ ಬರುತ್ತೆ. ಅದಕ್ಕೇ ಜನ ಮೆಚ್ಚಿದ್ರು. ಆದರೆ ಏರಿನಲ್ಲಿ ಲೋಡ್ ಜೊತೆ ನಿಂತು ಹೊರಡುವಾಗ, ಎಷ್ಟು ಹಾಫ್ ಕ್ಲಚ್ ಕೊಡಬೇಕು, ಯಾವಾಗ ಪೂರ್ತಿ ಬಿಡಬೇಕು ಅಂತ ನಮ್ಮ ಕಾಲಿಗೆ ಗೊತ್ತಾಗುವಷ್ಟು ಆ ಮೋಟರಿಗೆ ಗೊತ್ತಾಗಲ್ಲ. ಗೊತ್ತಾಗದೆ ಜಾರಿಸುತ್ತೆ, ಜಾರಿಸಿ ಜಾರಿಸಿ ಸುಡುತ್ತೆ. ಹಿಲ್ ಹೋಲ್ಡ್ ಇದ್ರೆ ಒಂದೆರಡು ಸೆಕೆಂಡ್ ಹಿಂದೆ ಜಾರದ ಹಾಗೆ ಬ್ರೇಕ್ ಹಿಡಿದಿರುತ್ತೆ, ಅದು ಕ್ಲಚ್ಚಿನ ಸಂಕಟ ಪೂರ್ತಿ ತಪ್ಪಿಸಲ್ಲ. (ನ್ಯಾಯ ಹೇಳಬೇಕಂದ್ರೆ, ಗಣಿಗಳಲ್ಲಿ ದುಡಿಯೋ ವೋಲ್ವೊ ಟಿಪ್ಪರ್‌ಗಳ ಐ-ಶಿಫ್ಟ್ ಕೂಡ ಒಂದು ಜಾತಿಯ ಎಎಂಟಿಯೇ. ಅದನ್ನ ಹತ್ತಾರು ಟನ್‌ಗೆ ಅಂತಲೇ ಕಟ್ಟಿದ್ದಾರೆ. ಸಣ್ಣ ಕಾರಿನ ಎಎಂಟಿ ಜೊತೆ ಅದನ್ನ ಹೋಲಿಸೋದು ಎತ್ತಿಗೂ ಕರುವಿಗೂ ಒಂದೇ ನೊಗ ಹಾಕಿದ ಹಾಗೆ.)

ಟಾರ್ಕ್ ಕನ್ವರ್ಟರ್ ಬೇರೆ ಜಾತಿ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ. ಒಂದನ್ನ ಆನ್ ಮಾಡಿದ್ರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತೆ ಅಲ್ವಾ? ಇಲ್ಲಿ ಗಾಳಿ ಬದಲು ಆಯಿಲ್. ಎಂಜಿನ್ ಒಂದು ಕಡೆ ತಿರುಗಿಸುತ್ತೆ, ಆಯಿಲಿನ ರಭಸಕ್ಕೆ ಗೇರ್‌ಬಾಕ್ಸ್ ಕಡೆಯ ಚಕ್ರ ತಿರುಗುತ್ತೆ. ಹೊರಡುವಾಗ ಉಜ್ಜಿ ಸವೆಯೋಕೆ ಕ್ಲಚ್ ಪ್ಲೇಟ್ ಇಲ್ಲ. ಅಷ್ಟೇ ಅಲ್ಲ, ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ಎಳೆತವನ್ನ ಹೆಚ್ಚಿಸಿ ಚಕ್ರಕ್ಕೆ ಕೊಡೋ ಗುಣ ಇದಕ್ಕಿದೆ. ಹಾಗಾಗಿ 'ಆಟೋಮ್ಯಾಟಿಕ್ ಎಳೆಯಲ್ಲ' ಅನ್ನೋ ಮಾತು ಈ ಜಾತಿಗೆ ಸುಳ್ಳು. ಮಹೀಂದ್ರ ಸ್ಕಾರ್ಪಿಯೊ-ಎನ್ ಡೀಸೆಲ್‌ನ ಹೆಚ್ಚು ಪವರ್ ಇರೋ ಮಾಡೆಲ್ ನೋಡಿ: ಮ್ಯಾನುಯಲ್‌ನಲ್ಲಿ 370 ನ್ಯೂಟನ್ ಮೀಟರ್ ಟಾರ್ಕ್, ಆಟೋಮ್ಯಾಟಿಕ್‌ನಲ್ಲಿ 400. ಥಾರ್ ಪೆಟ್ರೋಲ್‌ನಲ್ಲೂ ಹಾಗೇ, 300 ಮತ್ತು 320. ಕಂಪನಿಯೇ ಆಟೋಮ್ಯಾಟಿಕ್ಕಿಗೆ ಜಾಸ್ತಿ ಎಳೆತ ಕೊಟ್ಟಿದೆ. ಅಮೆರಿಕದ ರೈತರು ಕುದುರೆ ಟ್ರೇಲರ್, ಹುಲ್ಲಿನ ಟ್ರೇಲರ್ ಎಳೆಯೋ ದೊಡ್ಡ ರ್‍ಯಾಮ್ ಪಿಕಪ್‌ನಲ್ಲಿ 2018ರ ಮಾಡೆಲ್ ಆದಮೇಲೆ ಮ್ಯಾನುಯಲ್ ಗೇರೇ ನಿಲ್ಲಿಸಿದ್ರು. ಲೋಡ್ ಎಳೆಯದೇ ಇದ್ದಿದ್ರೆ ಅಲ್ಲಿನವರು ಸುಮ್ಮನಿರ್ತಿದ್ರಾ?

ಇದರ ತೊಂದರೆ ಬೇರೆ. ಬೆಲೆ. ಮತ್ತೆ ಕೆಟ್ಟರೆ ನಮ್ಮೂರ ಭಾಯ್ ಕೈ ಹಾಕಲ್ಲ, ಗಾಡಿ ಪಟ್ಟಣಕ್ಕೇ ಹೋಗಬೇಕು. ಅದರ ಆಯಿಲ್ ಹೊತ್ತಿಗೆ ಸರಿಯಾಗಿ ನೋಡಿಸ್ತಾ ಇರಬೇಕು, ನಮ್ಮಲ್ಲಿ ಎಂಜಿನ್ ಆಯಿಲನ್ನೇ ಮುಂದೂಡೋ ಜನ ಜಾಸ್ತಿ.

ಡಿಸಿಟಿ ಅಂದ್ರೆ ಎರಡು ಕ್ಲಚ್ ಇರೋ ಗೇರ್‌ಬಾಕ್ಸ್. ಒಂದು ಕ್ಲಚ್ 1, 3, 5ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ಇದನ್ನ ಟ್ರ್ಯಾಕ್ಟರಿನ ಡಬಲ್ ಕ್ಲಚ್ ಜೊತೆ ಕಲಸಿಕೊಳ್ಳಬೇಡಿ, ಅಲ್ಲಿ ಎರಡನೇ ಕ್ಲಚ್ ಇರೋದು ಪಿಟಿಒಗೆ. ಹೈವೇಯಲ್ಲಿ ಡಿಸಿಟಿ ಗಾಡಿ ಬೆಣ್ಣೆ. ಆದರೆ ಆಯಿಲ್ ಇಲ್ಲದ ಡ್ರೈ ಕ್ಲಚ್ ಮಾದರಿಯಾದ್ರೆ, ತೋಟದ ರಸ್ತೆಯಲ್ಲಿ ಆಮೆ ಥರ ತೆವಳುವಾಗ ಬಿಸಿಯಾಗುತ್ತೆ. ಸಿವಿಟಿಯಲ್ಲಿ ಗೇರೇ ಇಲ್ಲ, ಎರಡು ಪುಲ್ಲಿ ನಡುವೆ ಬೆಲ್ಟು. ಪಟ್ಟಣದಲ್ಲಿ ಓಡಾಡೋರಿಗೆ ಒಳ್ಳೇದು, ಕ್ರೇಟ್ ಹೊರೋ ನಮಗಲ್ಲ. ಇವೆರಡರ ಬಗ್ಗೆ ಇಷ್ಟು ಸಾಕು.

ಹಾಗಾಗಿ ಶೋರೂಮಿಗೆ ಹೋದಾಗ 'ಆಟೋಮ್ಯಾಟಿಕ್ ಇದೆಯಾ' ಅಂತ ಕೇಳಬೇಡಿ. 'ಯಾವ ಥರದ ಆಟೋಮ್ಯಾಟಿಕ್' ಅಂತ ಕೇಳಿ. ಸೇಲ್ಸ್ ಹುಡುಗನಿಗೆ ಉತ್ತರ ಗೊತ್ತಿಲ್ಲದಿದ್ರೆ ವರ್ಕ್‌ಶಾಪ್ ಕಡೆ ಹೋಗಿ ಕೇಳಿ.

ಲೋಡ್ ಗಾಡಿಗೆ ನನ್ನ ಓಟು ಮ್ಯಾನುಯಲ್‌ಗೇ

ಮಾರ್ಕೆಟ್‌ಗೆ ಮಾಲು ಹೊರೋ ಗಾಡಿ ವಿಷಯದಲ್ಲಿ ನನಗೆ ಗೊಂದಲ ಇಲ್ಲ. ಆಯ್ಕೆಯೂ ಹೆಚ್ಚಿಲ್ಲ. ನಮ್ಮ ಕಡೆ ಓಡಾಡೋ ಬೊಲೆರೊ ಪಿಕಪ್, ಡೀಸೆಲ್ ಟಾಟಾ ಏಸ್ ಎಲ್ಲ ಗೇರ್ ಗಾಡಿಗಳೇ. ಆಟೋಮ್ಯಾಟಿಕ್ ಪಿಕಪ್ ಬೇಕೇಬೇಕು ಅಂದ್ರೆ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಕಡೆ ಹೋಗಬೇಕು. ಆ ದುಡ್ಡಿಗೆ ನಮ್ಮ ಕಡೆ ಪಿಕಪ್ಪೂ ಬರುತ್ತೆ, ಟ್ರ್ಯಾಕ್ಟರೂ ಬರುತ್ತೆ.

ಆದರೆ ಆಯ್ಕೆ ಇದ್ದಿದ್ರೂ ನಾನು ಮ್ಯಾನುಯಲ್ಲೇ ತಗೋತಿದ್ದೆ. 28,000 ಬಿಲ್ ಆದಮೇಲೆ ಹಳೇ ಬೊಲೆರೊ ಪಿಕಪ್ ಒಂದನ್ನ ತಗೊಂಡೆ. ಅದರ ಕ್ಲಚ್ ಕೂಡ ಹೋಯ್ತು ಅನ್ನಿ, ಹಳೇ ಗಾಡಿ. ಭಾಯ್ ಒಂದೇ ದಿನದಲ್ಲಿ ಹಾಕಿ ಕೊಟ್ಟರು, ಕೂಲಿ ಸೇರಿ 11,000. ಮಾರನೇ ದಿನ ಬೆಳಗ್ಗೆ ಮಾಲು ಹೋಯ್ತು. ರೈತನಿಗೆ ರಿಪೇರಿ ಖರ್ಚಿಗಿಂತ ಗಾಡಿ ನಿಂತ ದಿನಗಳ ಖರ್ಚು ದೊಡ್ಡದು. ಸೊಪ್ಪು, ಬೀನ್ಸು ಬಿಡಿಭಾಗ ಬರೋತನಕ ಕಾಯಲ್ಲ.

ಇನ್ನೊಂದು, ಕೆಸರು. ಚಕ್ರ ಹೂತಾಗ ಮ್ಯಾನುಯಲ್‌ನಲ್ಲಿ ಫಸ್ಟು, ರಿವರ್ಸು, ಫಸ್ಟು ಅಂತ ಗಾಡಿಯನ್ನ ತೊಟ್ಟಿಲ ಥರ ತೂಗಿ ಎಬ್ಬಿಸಬಹುದು. ಬ್ಯಾಟರಿ ಸ್ವಲ್ಪ ಸೋತಿದ್ರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು. ಟಾರ್ಕ್ ಕನ್ವರ್ಟರ್ ಗಾಡಿಯನ್ನ ತಳ್ಳಿ ಸ್ಟಾರ್ಟ್ ಮಾಡೋಕಾಗಲ್ಲ. ಅದಕ್ಕಿಂತ ಮುಖ್ಯವಾಗಿ, ಕೆಟ್ಟು ನಿಂತ ಆಟೋಮ್ಯಾಟಿಕ್ ಗಾಡಿಯನ್ನ ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಹತ್ತು ಕಿಲೋಮೀಟರ್ ಎಳ್ಕೊಂಡು ಹೋಗಬೇಡಿ. ಗೇರ್‌ಬಾಕ್ಸಿಗೆ ಆಯಿಲ್ ತಳ್ಳೋ ಪಂಪ್ ತಿರುಗೋದು ಎಂಜಿನ್ನಿಂದ. ಎಂಜಿನ್ ಆಫ್ ಆಗಿ ಚಕ್ರ ಮಾತ್ರ ತಿರುಗಿದ್ರೆ ಒಳಗೆ ಆಯಿಲ್ ಹರಿಯಲ್ಲ, ಗೇರ್‌ಬಾಕ್ಸ್ ಒಣಗಿ ತಿನ್ನುತ್ತೆ. ಚಕ್ರ ಎತ್ತಿ ಸಾಗಿಸೋ ಗಾಡಿ ಕರೆಸಿ. ನಮ್ಮ ಪಕ್ಕದ ಊರಲ್ಲಿ ಹೀಗೆ ಎಳೆದು, ಸಣ್ಣ ತೊಂದರೆಯನ್ನ ದೊಡ್ಡದು ಮಾಡ್ಕೊಂಡವರನ್ನ ನೋಡಿದ್ದೀನಿ.

ಗೇರ್ ಗಾಡಿ ಓಡಿಸೋರಿಗೂ ಒಂದು ಮಾತು. ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸೋ ಅಭ್ಯಾಸ ನಮ್ಮ ಅರ್ಧ ಜನಕ್ಕಿದೆ. ಏರಿನಲ್ಲಿ ನಿಂತಾಗ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್‌ನಲ್ಲೇ ಗಾಡಿ ತಡೆದು ನಿಲ್ಲಿಸೋದು ಒಂದು ಗತ್ತು ಅಂತ ಭಾವನೆ. ಎಎಂಟಿ ನನಗೆ ಮಾಡಿದ್ದನ್ನ ನೀವೇ ನಿಮ್ಮ ಕಾಲಿನಿಂದ ಮಾಡ್ತಿದ್ದೀರಿ ಅಷ್ಟೇ. ಹ್ಯಾಂಡ್‌ಬ್ರೇಕ್ ಇರೋದೇ ಅದಕ್ಕೆ.

ಇಳಿಯುವಾಗ ಯಾವ ಗೇರಾದ್ರೂ ನಿಯಮ ಒಂದೇ. ಶಿರಾಡಿಯೋ ಚಾರ್ಮಾಡಿಯೋ, ಹತ್ತೋಕೆ ಯಾವ ಗೇರ್ ಬೇಕಾಗುತ್ತೋ ಅದರಲ್ಲೇ ಇಳೀರಿ. ಆಟೋಮ್ಯಾಟಿಕ್‌ನಲ್ಲಿ ಸುಮ್ಮನೆ 'ಡಿ'ಯಲ್ಲಿ ಬಿಟ್ಟರೆ ಇಳಿಜಾರಿನಲ್ಲಿ ಅದು ಮೇಲಿನ ಗೇರಿಗೆ ಹೋಗಿಬಿಡಬಹುದು, ಆಗ ಭಾರ ಎಲ್ಲ ಬ್ರೇಕ್ ಮೇಲೆ. ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡೋ ಮೂರೋ ನೀವೇ ಹಿಡೀರಿ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡೋರಿಗೆ ಹೇಳ್ತೀನಿ ಕೇಳಿ: ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನ ಕಟ್ ಆಗುತ್ತೆ. ನ್ಯೂಟ್ರಲ್‌ನಲ್ಲಿದ್ರೇ ಎಂಜಿನ್ ಐಡಲ್ ಆಗೋಕೆ ಡೀಸೆಲ್ ಕುಡಿಯುತ್ತೆ. ಅಂದ್ರೆ ನೀವು ಉಳಿಸ್ತಿಲ್ಲ, ಜೀವಾನೂ ಡೀಸೆಲ್ಲೂ ಎರಡೂ ಕಳೀತಿದ್ದೀರಿ.

ಮಾರೋಕೆ ಹೊರಟ ಗಾಡಿ

ಇಲ್ಲಿಗೆ ಲೇಖನ ಮುಗಿಸಿ 'ರೈತರಿಗೆ ಮ್ಯಾನುಯಲ್ಲೇ ಸರಿ' ಅಂತ ಬರೀಬಹುದಿತ್ತು. ಪಿಕಪ್ ಬಂದ ಮೇಲೆ ಎರಡು ವರ್ಷದ ಹಿಂದೆ ನಾನೂ ಅದೇ ತೀರ್ಮಾನಕ್ಕೆ ಬಂದಿದ್ದೆ. ಎಎಂಟಿ ಗಾಡಿ ಮಾರಿಬಿಡೋಣ, ಅದರ ಸಾಲ ತೀರಿಸೋಣ ಅಂತ ಹೊರಟಿದ್ದೆ. ಒಬ್ಬರು ಬಂದು ನೋಡ್ಕೊಂಡೂ ಹೋಗಿದ್ರು.

ನನ್ನ ಹೆಂಡತಿ ಡ್ರೈವಿಂಗ್ ಕಲಿತಿದ್ದೇ ಆ ಗಾಡಿಯಲ್ಲಿ. ಅದಕ್ಕೆ ಮೊದಲು ಅಪ್ಪನ ಹಳೇ ಪಿಕಪ್‌ನಲ್ಲಿ ಎರಡು ಸಲ ಕಲಿಸೋಕೆ ನೋಡಿದ್ದೆ. ಕ್ಲಚ್ ಎಷ್ಟು ಬಿಗಿ ಇತ್ತು ಅಂದ್ರೆ, ಅವಳು ಸೀಟಿನ ತುದಿಗೆ ಬಂದು ಪೂರ್ತಿ ಕಾಲು ಚಾಚಿ ತುಳೀಬೇಕಿತ್ತು. ಗಾಡಿ ಆಫ್ ಆಗೋದು, ನಾನು ರೇಗೋದು, ಅವಳು ಕೀ ಕೈಗೆ ಕೊಟ್ಟು ಇಳಿದು ಹೋಗೋದು. ಗಂಡಂದಿರು ಡ್ರೈವಿಂಗ್ ಕಲಿಸೋಕೆ ಹೋಗಲೇಬಾರದು, ಇದು ಬೇರೆ ವಿಷಯ. ಎಎಂಟಿ ಬಂದ ಮೇಲೆ ಕಣದಲ್ಲಿ ತಾನೇ ನಾಲ್ಕು ದಿನ ಸುತ್ತು ಹೊಡೆದಳು, ಎರಡನೇ ವಾರಕ್ಕೆ ಮಗನನ್ನ ಸ್ಕೂಲಿಗೆ ಬಿಟ್ಟು ಬಂದಳು.

ಮಾರೋ ಮಾತು ನಡೀತಿದ್ದಾಗಲೇ ಒಂದು ರಾತ್ರಿ ನಾನು ಪಿಕಪ್ ತಗೊಂಡು ಬೆಂಗಳೂರಿಗೆ ಹೋಗಿದ್ದೆ. ಹನ್ನೊಂದೂವರೆಗೆ ಅವ್ವನಿಗೆ ಉಸಿರು ಕಟ್ಟಿದ ಹಾಗಾಗಿದೆ. ಅಪ್ಪನಿಗೆ ಮಂಡಿ ನೋವು, ಡ್ರೈವಿಂಗ್ ಬಿಟ್ಟು ಮೂರು ವರ್ಷ ಆಗಿತ್ತು. ಮಳೆ, ಮರ ಬಿದ್ದು ಕರೆಂಟಿಲ್ಲ. ಆಂಬುಲೆನ್ಸ್ ಸಕಲೇಶಪುರದಿಂದ ಬಂದು ಮತ್ತೆ ವಾಪಸ್ ಹೋಗಬೇಕು. ಇವಳು ಅವ್ವನನ್ನ ಮುಂದಿನ ಸೀಟಿನಲ್ಲಿ ಕೂರಿಸಿ, ಅಪ್ಪನನ್ನ ಹಿಂದೆ ಕೂರಿಸಿಕೊಂಡು, ಹದಿನೆಂಟು ಕಿಲೋಮೀಟರ್ ಓಡಿಸ್ಕೊಂಡು ಆಸ್ಪತ್ರೆಗೆ ಸೇರಿಸಿದ್ಲು. ಆಮ್ಲಜನಕ ಕೊಟ್ರು. ಬೆಳಗ್ಗೆ ನಾನು ಬರೋ ಹೊತ್ತಿಗೆ ಅವ್ವ ಎದ್ದು ಕೂತು ಕಾಫಿ ಕೇಳ್ತಿದ್ರು.

ಒಂದು ವಾರ ಆದಮೇಲೆ, ಆ ಗಾಡಿ ನೋಡಿ ಹೋದವರು ಫೋನ್ ಮಾಡಿದ್ರು. ನಾನು ಮಾತಾಡೋದನ್ನ ಕೇಳಿಸ್ಕೊಂಡು ಇವಳು ಅಡುಗೆಮನೆಯಿಂದ ಇಷ್ಟೇ ಹೇಳಿದ್ದು: "ಮಾರಿ ರೀ, ಬೇಡ ಅನ್ನಲ್ಲ. ನೀವು ಮಾರ್ಕೆಟ್‌ಗೆ ಹೋದ ರಾತ್ರಿ ಅವ್ವನ್ನ ಯಾರು ಕರ್ಕೊಂಡು ಹೋಗ್ಬೇಕು ಅಂತ ಅದೂ ಹೇಳ್ಬಿಟ್ಟು ಮಾರಿ."

ಗಾಡಿ ಇನ್ನೂ ಮನೇಲಿದೆ. ಅದಕ್ಕೆ ಕ್ರೇಟ್ ತುಂಬೋದು ಬಿಟ್ಟಿದ್ದೀನಿ. ಮೂರು ಜನರನ್ನ ಹೊತ್ಕೊಂಡು ಅದೇ ಏರನ್ನ ತಕರಾರಿಲ್ಲದೆ ಹತ್ತುತ್ತೆ. ಏರಿಗೆ ಮೊದಲೇ ಮ್ಯಾನುಯಲ್ ಮೋಡ್‌ನಲ್ಲಿ ಫಸ್ಟ್ ಗೇರ್ ಹಾಕ್ಕೊಳ್ಳೋದು, ನಡುವೆ ನಿಲ್ಲಬೇಕಾದ್ರೆ ಹ್ಯಾಂಡ್‌ಬ್ರೇಕ್ ಎಳೆದು ನಿಂತು, ಆಕ್ಸಿಲರೇಟರ್ ಕೊಟ್ಟು ಗಾಡಿ ಎಳೆಯೋಕೆ ಶುರು ಮಾಡಿದಾಗ ಹ್ಯಾಂಡ್‌ಬ್ರೇಕ್ ಬಿಡೋದು. ಇದನ್ನ ನನಗೆ ಅವಳೇ ತೋರಿಸಿದ್ದು.

ನಾನು ಹೇಳಬೇಕು ಅಂತಿರೋದು ಇದನ್ನೇ. ರೈತರ ಮನೆಗಳಲ್ಲಿ ಗೇರ್ ಆಯ್ಕೆ ಮಾಡೋದು ಗಂಡಸು, ಅದೂ ಸಾಮಾನ್ಯವಾಗಿ ಇಪ್ಪತ್ತೈದರಿಂದ ನಲವತ್ತರ ಒಳಗಿನ, ಮಂಡಿ ಗಟ್ಟಿ ಇರೋ ಗಂಡಸು. ಅವನು ತನ್ನ ಕಾಲಿನ ಲೆಕ್ಕದಲ್ಲಿ ಗಾಡಿ ತರ್ತಾನೆ. ಆಮೇಲೆ ಅವನಿಲ್ಲದ ದಿನ ಮನೆ ಮುಂದೆ ಗಾಡಿ ಇದ್ದೂ ಇಲ್ಲದ ಹಾಗೆ. ಅಂಗಳದಲ್ಲಿ ಹದಿನೈದು ಲಕ್ಷದ ಗಾಡಿ ನಿಂತಿದ್ದೂ, ಹೆಂಗಸರು ಬಸ್ಸಿಗೆ ಕಾಯೋ ಮನೆಗಳು ನಮ್ಮೂರಲ್ಲೇ ನಾಲ್ಕಿವೆ. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸರಕು ಗಾಡಿಯನ್ನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟೇ 2024ರ ನವೆಂಬರ್‌ನಲ್ಲಿ ಹೇಳಿದೆ. ಕಾನೂನು ಅವರನ್ನ ತಡೀತಿಲ್ಲ, ಎಷ್ಟೋ ಮನೆಗಳಲ್ಲಿ ತಡೀತಿರೋದು ಒಂದು ಬಿಗಿ ಕ್ಲಚ್ಚು ಮತ್ತು ಪಕ್ಕದಲ್ಲಿ ಕೂತು ರೇಗೋ ನಮ್ಮಂಥವರು.

'ಆಟೋಮ್ಯಾಟಿಕ್ ಹೆಂಗಸರ ಗಾಡಿ' ಅಂತ ನಗೋರನ್ನ ನೋಡಿದ್ದೀನಿ. ಬೆಂಗಳೂರಲ್ಲಿ ಬಿಎಂಟಿಸಿ ವೋಲ್ವೊ ಬಸ್ ಓಡಿಸೋ ಡ್ರೈವರ್ ಅಣ್ಣಂದಿರನ್ನ ಹೋಗಿ ಹಾಗೆ ಕೇಳಲಿ. ದಿನಕ್ಕೆ ಸಾವಿರ ಸಲ ಕ್ಲಚ್ ತುಳಿಯೋದು ತಪ್ಪಿದ್ರೆ ಮಂಡಿಗೆ, ಸೊಂಟಕ್ಕೆ ಎಷ್ಟು ಆರಾಮ ಅಂತ ಅವರೇ ಹೇಳ್ತಾರೆ. ನಮ್ಮಪ್ಪ ಡ್ರೈವಿಂಗ್ ಬಿಟ್ಟಿದ್ದು ಕಣ್ಣು ಮಂಜಾಗಿ ಅಲ್ಲ, ಎಡಗಾಲಿನ ಮಂಡಿಯಿಂದ. ಈಗ ಎಎಂಟಿಯಲ್ಲಿ ಸೊಸೈಟಿತನಕ ಹೋಗಿ ಬರ್ತಾರೆ.

ದುಡ್ಡಿನ ಮಾತು

ಹಾಗಂತ ಸಾಲ ಮಾಡಿ ಆಟೋಮ್ಯಾಟಿಕ್ ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ಒಳ್ಳೆ ಟಾರ್ಕ್ ಕನ್ವರ್ಟರ್ ಗಾಡಿಗೂ ಅದರ ಮ್ಯಾನುಯಲ್‌ಗೂ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಲಕ್ಷ ವ್ಯತ್ಯಾಸ ಇರುತ್ತೆ. ಆ ಒಂದೂವರೆ ಲಕ್ಷವನ್ನ 9.5% ಬಡ್ಡಿಗೆ ಐದು ವರ್ಷದ ಸಾಲಕ್ಕೆ ಸೇರಿಸಿದ್ರೆ ತಿಂಗಳಿಗೆ ಸುಮಾರು 3,150 ರೂಪಾಯಿ ಜಾಸ್ತಿ. ಐದು ವರ್ಷಕ್ಕೆ 1,89,000. ನಮ್ಮ ಕಡೆ ಅದು ತಿಂಗಳಿಗೆ ಒಂದು ಟ್ರ್ಯಾಕ್ಟರ್ ಲೋಡ್ ಕೊಟ್ಟಿಗೆ ಗೊಬ್ಬರದ ದುಡ್ಡು. ಗೇರ್ ಹಾಕೋಕೆ ಸೋಮಾರಿತನ ಅಂತ ಅಷ್ಟು ಕೊಡೋದಾದ್ರೆ ಬೇಡ, ಗೊಬ್ಬರ ತನ್ನಿ. ಮನೆಯಲ್ಲಿ ಇನ್ನಿಬ್ಬರು ಓಡಿಸ್ತಾರೆ ಅನ್ನೋದಾದ್ರೆ ಅದು ಖರ್ಚಲ್ಲ.

ಆಟೋಮ್ಯಾಟಿಕ್ ಆಸೆಗೆ ಬಿದ್ದು ಗಾಡಿಯ ಸೈಜ್ ಮರೀಬೇಡಿ. ಶುಂಠಿ ದುಡ್ಡು ಬಂದ ಹುಡುಗರಿಗೆಲ್ಲ ಮೂರು ಬಾಗಿಲಿನ ಥಾರ್ ಮೇಲೆ ಕಣ್ಣು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಹಿಂದಿನ ಸೀಟಿಗೆ ಅವ್ವನ್ನ ಹತ್ತಿಸಿ ಒಂದು ಸಲ ನೋಡಿ, ಆಮೇಲೆ ಮಾತಾಡೋಣ. ಏಳೆಂಟು ಜನರ ಮನೆಯವರು ಇನ್ನೋವಾ ನೋಡ್ತಾರೆ. ಅಲ್ಲಿ ಆಯ್ಕೆ ಕಂಪನಿಯೇ ಮಾಡಿಬಿಟ್ಟಿದೆ: 2023ರಿಂದ ಕ್ರಿಸ್ಟಾ ಬರೋದು ಡೀಸೆಲ್ ಮ್ಯಾನುಯಲ್ ಮಾತ್ರ, ಹೈಕ್ರಾಸ್ ಬರೋದು ಪೆಟ್ರೋಲ್ ಆಟೋಮ್ಯಾಟಿಕ್ ಮಾತ್ರ.

ಮುಂದೆ ಈ ಜಗಳವೇ ಇರಲ್ಲ ಅನ್ನೋರೂ ಇದ್ದಾರೆ. ಟಾಟಾ ಏಸ್ ಇವಿಯಂಥ ಕರೆಂಟ್ ಗಾಡಿಯಲ್ಲಿ ಕ್ಲಚ್ಚೂ ಇಲ್ಲ, ಬದಲಿಸೋ ಗೇರೂ ಇಲ್ಲ, ನಿಂತಲ್ಲಿಂದಲೇ ಪೂರ್ತಿ ಎಳೆತ. ಪಟ್ಟಣದ ಹತ್ತಿರ ಸೊಪ್ಪು ಬೆಳೆದು ದಿನಾ ಮೂವತ್ತು ನಲವತ್ತು ಕಿಲೋಮೀಟರ್ ಓಡಾಡೋರು ಯೋಚನೆ ಮಾಡಬಹುದು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗೋ ನಮ್ಮೂರಿಗೆ ಸದ್ಯಕ್ಕಲ್ಲ.

ಆಲೂರಿನ ಹುಡುಗನಿಗೆ ನಾನು ಫೋನ್ ಮಾಡಿ ಉತ್ತರ ಹೇಳಲಿಲ್ಲ, ತಿರುಗಿಸಿ ಕೇಳಿದೆ. ಮನೇಲಿ ಯಾರ್ಯಾರು ಓಡಿಸ್ತಾರೆ? ಮಾಲು ಅದರಲ್ಲೇ ಹೊರ್ತೀಯಾ, ಬಾಡಿಗೆ ಗಾಡಿಗೆ ಕೊಡ್ತೀಯಾ? ತೋಟದ ಏರು ಎಷ್ಟು? ಕೆಟ್ಟರೆ ಯಾರು ನೋಡ್ತಾರೆ? ಶುಂಠಿ ಮೂಟೆ ಹೇಗೂ ವ್ಯಾಪಾರಿಯ ಲಾರಿಯೇ ಬಂದು ಒಯ್ಯುತ್ತೆ ಅಂತ ಗೊತ್ತಾಯ್ತು. ಅಂದ್ರೆ ಅವನಿಗೆ ಬೇಕಿರೋದು ಮನೆ ಗಾಡಿ. ಅಪ್ಪ ಇಲ್ಲ, ಅವ್ವ, ತಂಗಿ, ಇವನು. ಹಾಗಾದ್ರೆ ಟೆಸ್ಟ್ ಡ್ರೈವ್ ಹೈವೇಯಲ್ಲಿ ಮಾಡಬೇಡ, ಶೋರೂಮಿನವರಿಗೆ ಹೇಳಿ ಗಾಡಿಯನ್ನ ಮನೆಗೇ ತರಿಸು, ಮನೆಯವರನ್ನೆಲ್ಲ ಕೂರಿಸ್ಕೊಂಡು ನಿಮ್ಮ ತೋಟದ ಏರಿನ ಅರ್ಧಕ್ಕೆ ಹೋಗಿ ಗಾಡಿ ನಿಲ್ಲಿಸು, ಮತ್ತೆ ಹೊರಡಿಸು, ಆಗ ಗೊತ್ತಾಗುತ್ತೆ ಅಂದೆ.

ಭಾನುವಾರ ಎರಡು ಗಾಡಿ ತರಿಸಿದ್ನಂತೆ, ಒಂದು ಎಎಂಟಿ, ಒಂದು ಟಾರ್ಕ್ ಕನ್ವರ್ಟರ್. ಎಎಂಟಿ ಅರ್ಧ ಏರಿನಲ್ಲಿ ಒಂದಡಿ ಹಿಂದೆ ಜಾರಿ ಆಮೇಲೆ ಹೊರಟಿತು. ಇನ್ನೊಂದು ಜಾರಲಿಲ್ಲ, ಆದರೆ ರೇಟು ಕೇಳಿ ಅವ್ವ ಗಾಡಿಯಿಂದ ಇಳಿದೇಬಿಟ್ರಂತೆ. ಬುಕಿಂಗ್ ಇನ್ನೂ ಮಾಡಿಲ್ಲ. ಎರಡು ವರ್ಷ ಹಳೇ ಟಾರ್ಕ್ ಕನ್ವರ್ಟರ್ ಗಾಡಿ ಸಿಗುತ್ತಾ ಅಂತ ಹಾಸನದಲ್ಲಿ ಹುಡುಕ್ತಿದ್ದಾನೆ. ತಂಗಿ ಎಲ್‌ಎಲ್‌ಆರ್ ಮಾಡಿಸಿ ಆಗಿದೆ. ನಿನ್ನೆ ಮತ್ತೊಂದು ವಾಯ್ಸ್ ಮೆಸೇಜ್ ಬಂತು: "ಅಣ್ಣ, ಅವ್ವಾನೂ ಎಲ್‌ಎಲ್‌ಆರ್‌ಗೆ ಫೋಟೋ ಎಲ್ಲಿ ತೆಗೆಸ್ಬೇಕು ಅಂತ ಕೇಳ್ತಾವ್ರೆ."